ಬಿರುಕಿಗಾಗಿ ಗೌಂಡಿಯ ರೊಕ್ಕ ಎಷ್ಟು ಹಿಡಿಯಬೇಕು?

ವಾಸ್ತುಶಾಂತಿ ಮುಗಿದಿರುತ್ತದೆ. ಗೌಂಡಿಗೂ ಬಡಿಗನಿಗೂ ಧೋತರ, ಟೋಪಿ ಕೊಟ್ಟು ಆಯೇರಿ ಮಾಡಿ ಆಗಿರುತ್ತದೆ. ಬೀಗರು ಹೋಳಿಗೆ ಉಂಡು ತಮ್ಮ ತಮ್ಮ ಊರು ಸೇರಿರುತ್ತಾರೆ. ಹದಿನೈದು ದಿನ ಬಿಟ್ಟು ಗೌಂಡಿ ಬಂದು ಹೊಸ ಮನೆಯ ಕಟ್ಟೆಯ ಮೇಲೆ ಕೂಡುತ್ತಾನೆ. ‘ಕಾಕಾ, ಉಳದದ್ದು ಅರವತ್ತು ಸಾವಿರ ಕೊಟ್ಟಬಿಡ್ರಿ, ಹುಡುಗೂರ ಬಟವಡೆ ಮಾಡಬೇಕು.’ ‘ಬಚ್ಚಲದಾಗ ನೀರ ನಿಲ್ಲತಾವ, ಹಾಲಿನ ಗ್ವಾಡಿ ಸೀಳೈತಿ. ಮೊದಲ ಅದನ್ನ ರಿಪೇರಿ ಮಾಡಿ ಕೊಡು ತಮ್ಮಾ, ಆಮ್ಯಾಗ ರೊಕ್ಕದ ಮಾತು.’ ‘ರೊಕ್ಕ ಕೊಡ್ರಿ, ನಾಳಿಗೇ ಮಾಡ್ತೀನಿ.’ ‘ನೀ ಮಾಡು, ನಾಳಿಗೇ ಕೊಡ್ತೀನಿ.’

ಈ ನಾಳೆ ಬರುವುದೇ ಇಲ್ಲ. ಗೌಂಡಿ ಮುಂದಿನ ಸೈಟಿಗೆ ಹೋಗುತ್ತಾನೆ, ಬಚ್ಚಲದಲ್ಲಿ ನೀರು ನಿಲ್ಲುತ್ತಲೇ ಇರುತ್ತದೆ. ಆರು ತಿಂಗಳಾದ ಮೇಲೆ ಫೋನ್ ಎತ್ತುವುದೂ ನಿಂತುಹೋಗುತ್ತದೆ. ಊರ ಹಿರಿಯರು ನಡುವೆ ಬಂದರೆ ‘ಇಬ್ಬರೂ ಸ್ವಲ್ಪ ಸ್ವಲ್ಪ ಬಿಡ್ರಿ’ ಎಂದು ಅಂದಾಜಿನ ಮೇಲೆ ಒಂದು ಮೊತ್ತ ಹೇಳಿ ಎದ್ದು ಹೋಗುತ್ತಾರೆ. ಇಬ್ಬರಿಗೂ ಮೋಸ ಹೋದೆ ಎಂಬ ಭಾವನೆಯೇ ಉಳಿಯುತ್ತದೆ.

ವಿಜಯಪುರದ ಹೊಸ ಬಡಾವಣೆಗಳಲ್ಲಿ, 2018ರಲ್ಲಿ ತಾಲೂಕುಗಳಾದ ಟಿಕೋಟಾ ಮತ್ತು ಬಬಲೇಶ್ವರದಲ್ಲಿ, ಅವುಗಳ ಸುತ್ತಲಿನ ತೋಟದ ವಸ್ತಿಗಳಲ್ಲಿ ಈಗ ಮನೆ ಕಟ್ಟುವ ಕೆಲಸ ಜೋರಾಗಿದೆ. ದ್ರಾಕ್ಷಿ ಕೈಹಿಡಿದ ವರ್ಷ ಪಾಯಾ ಏಳುತ್ತದೆ. ಒಣದ್ರಾಕ್ಷಿಯ ದರ ಬಿದ್ದ ವರ್ಷ ಲಿಂಟಲ್ ಮಟ್ಟಕ್ಕೆ ನಿಂತುಬಿಡುತ್ತದೆ. ಈ ಮನೆಗಳಲ್ಲಿ ಬಹುಪಾಲು ಬಾಯಿಮಾತಿನ ಗುತ್ತಿಗೆಯಲ್ಲಿ ಏಳುತ್ತವೆ. ಸಿಮೆಂಟು, ಕಬ್ಬಿಣ, ಉಸುಕು, ಖಡಿ ಮಾಲೀಕನದು, ಕೂಲಿ ಗೌಂಡಿಯದು, ಚದರ ಅಡಿಗೆ ಇಷ್ಟು ಎಂದು ದರ. ಕಟ್ಟಿಸುವವನಿಗೆ ಜೀವಮಾನದಲ್ಲಿ ಇದೊಂದೇ ಮನೆ. ಗೌಂಡಿಗೆ ಇದು ಈ ವರ್ಷದ ಮೂರನೆಯದೋ ನಾಲ್ಕನೆಯದೋ ಮನೆ. ಒಬ್ಬನಿಗೆ ಕಟ್ಟಿಸಿದ ಅನುಭವವಿಲ್ಲ, ಇನ್ನೊಬ್ಬನಿಗೆ ಬರೆದಿಡುವ ರೂಢಿಯಿಲ್ಲ.

ನನ್ನ ಮಾತು ಇಷ್ಟು: ಮಾಡಿದ ಕೆಲಸದಲ್ಲಿ ಕೊರತೆ ಇದ್ದರೆ ‘ಕೊಡಬೇಕೋ ಬೇಡವೋ’ ಎಂದು ಕೇಳಿಕೊಳ್ಳುವುದೇ ತಪ್ಪು. ಆ ಕೊರತೆಯನ್ನು ಸರಿಪಡಿಸಲು ಎಷ್ಟು ಖರ್ಚು ಬರುತ್ತದೆ ಎಂಬುದು ಕೇಳಬೇಕಾದ ಪ್ರಶ್ನೆ. ಅಷ್ಟನ್ನು ಹಿಡಿಯಬೇಕು, ಉಳಿದದ್ದನ್ನು ಕೊಡಬೇಕು. ಇದು ನಾನು ಮನಸ್ಸಿನಿಂದ ಕಟ್ಟಿ ಹೇಳುತ್ತಿರುವ ನ್ಯಾಯವಲ್ಲ. ಭಾರತೀಯ ಕರಾರು ಕಾಯ್ದೆ 1872ರಿಂದ ಇದನ್ನೇ ಹೇಳುತ್ತ ಬಂದಿದೆ.

ಆ ಕಾಯ್ದೆಯ 73ನೇ ಕಲಂ ಕರಾರು ಮುರಿದವನು ನಷ್ಟ ಕಟ್ಟಿಕೊಡಬೇಕು ಎನ್ನುತ್ತದೆ. ಅದರ ಕೆಳಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಎರಡು ನೇರವಾಗಿ ಮನೆಯ ಬಗ್ಗೆಯೇ ಇವೆ. ಮೊದಲನೆಯದು ಹೀಗೆ: ಒಬ್ಬನು ಇನ್ನೊಬ್ಬನ ಮನೆಯನ್ನು ಇಂಥ ರೀತಿಯಲ್ಲಿ ದುರಸ್ತಿ ಮಾಡುತ್ತೇನೆಂದು ಮುಂಗಡ ಹಣ ಪಡೆಯುತ್ತಾನೆ, ದುರಸ್ತಿಯನ್ನೂ ಮಾಡುತ್ತಾನೆ, ಆದರೆ ಮಾತಾಡಿದ ಹಾಗೆ ಮಾಡುವುದಿಲ್ಲ. ಆಗ ಮನೆಯವನಿಗೆ ಸಿಗಬೇಕಾದದ್ದು ಆ ಕೆಲಸವನ್ನು ಮಾತಾಡಿದ ಮಟ್ಟಕ್ಕೆ ತರಲು ತಗಲುವ ವೆಚ್ಚ. ಮುಂಗಡ ಪೂರ್ತಿ ವಾಪಸ್ ಅಂತಲೂ ಇಲ್ಲ, ‘ಆದದ್ದಾಯಿತು ಬಿಡು’ ಅಂತಲೂ ಇಲ್ಲ. ಎರಡನೆಯ ಉದಾಹರಣೆ ಇದಕ್ಕಿಂತ ಗಂಭೀರ. ಮನೆಯನ್ನು ಬಾಡಿಗೆಗೆ ಕೊಡುವ ಮಾತಾಗಿದೆ, ಅದು ಕಟ್ಟುವವನಿಗೂ ಗೊತ್ತಿದೆ. ಅವನು ಎಷ್ಟು ಕೆಟ್ಟದಾಗಿ ಕಟ್ಟುತ್ತಾನೆಂದರೆ ಗಡುವಿಗೆ ಮುಂಚೆಯೇ ಮನೆ ಬಿದ್ದುಹೋಗುತ್ತದೆ. ಆಗ ಮತ್ತೆ ಕಟ್ಟಿಸುವ ಖರ್ಚಿನ ಜೊತೆಗೆ ಹೋದ ಬಾಡಿಗೆಯೂ, ಬಾಡಿಗೆದಾರನಿಗೆ ಮಾಲೀಕ ಕೊಡಬೇಕಾದ ಪರಿಹಾರವೂ ಅವನ ತಲೆಯ ಮೇಲೆ. ಕೊರತೆ ಎಷ್ಟೋ ಹೊಣೆ ಅಷ್ಟು. ನೂರೈವತ್ತು ವರ್ಷದ ಹಿಂದೆ ಬರೆದ ಈ ಎರಡು ಉದಾಹರಣೆಗಳನ್ನು ಯಾರಾದರೂ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಸಿಮೆಂಟ್ ಅಂಗಡಿಯ ಗೋಡೆಗೆ ಅಂಟಿಸಿದರೆ ಅರ್ಧ ಜಗಳ ಕಡಿಮೆಯಾದೀತು ಎಂದು ನನಗೆ ಅನ್ನಿಸುತ್ತದೆ.

ಇಂಥದೇ ಒಂದು ಜಗಳ ಅಮೆರಿಕದ ನ್ಯೂಯಾರ್ಕಿನಲ್ಲಿ ಕೋರ್ಟು ಹತ್ತಿತ್ತು. ಜೇಕಬ್ ಆ್ಯಂಡ್ ಯಂಗ್ಸ್ ಎಂಬ ಗುತ್ತಿಗೆ ಸಂಸ್ಥೆ ಕೆಂಟ್ ಎಂಬುವರಿಗೆ 77 ಸಾವಿರ ಡಾಲರಿಗೂ ಮಿಕ್ಕ ವೆಚ್ಚದಲ್ಲಿ ದೊಡ್ಡ ಮನೆ ಕಟ್ಟಿಕೊಟ್ಟಿತು. 1914ರಲ್ಲಿ ಕೆಲಸ ಮುಗಿದು ಮಾಲೀಕರು ವಾಸಕ್ಕೂ ಬಂದರು. ಮರುವರ್ಷ ಒಂದು ವಿಷಯ ಗೊತ್ತಾಯಿತು. ಕರಾರಿನಲ್ಲಿ ರೆಡಿಂಗ್ ಕಂಪನಿಯ ಪೈಪನ್ನೇ ಹಾಕಬೇಕೆಂದು ಬರೆದಿತ್ತು, ಆದರೆ ಒಂದಷ್ಟು ಕಡೆ ಬೇರೆ ಕಂಪನಿಯ ಪೈಪು ಸೇರಿಹೋಗಿತ್ತು. ಪೈಪುಗಳೆಲ್ಲ ಗೋಡೆಯೊಳಗೆ ಹೂತಿದ್ದವು. ಬದಲಿಸಬೇಕೆಂದರೆ ಮುಗಿದ ಮನೆಯನ್ನೇ ಒಡೆಯಬೇಕು. ಬದಲಿಸುವತನಕ ಬಾಕಿ ಕೊಡುವುದಿಲ್ಲ ಎಂದರು ಮಾಲೀಕರು. ಆ ಬಾಕಿ 3,483 ಡಾಲರ್ ಚಿಲ್ಲರೆ. 1921ರಲ್ಲಿ ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ ತೀರ್ಪು ಬರೆದರು. ಹಾಕಿದ ಪೈಪೂ ಅದೇ ಗುಣಮಟ್ಟದ್ದು, ತಪ್ಪು ಬೇಕೆಂದು ಮಾಡಿದ್ದಲ್ಲ, ಗೋಡೆ ಒಡೆದು ಸರಿಪಡಿಸುವ ಖರ್ಚಿಗೂ ಅದರಿಂದ ಸಿಗುವ ಲಾಭಕ್ಕೂ ತಾಳೆಯೇ ಇಲ್ಲ. ಹೀಗಾಗಿ ಮನೆಯ ಬೆಲೆಯಲ್ಲಿ ಎಷ್ಟು ವ್ಯತ್ಯಾಸವಾಯಿತೋ ಅಷ್ಟನ್ನೇ ಹಿಡಿಯಬಹುದು, ಆ ವ್ಯತ್ಯಾಸ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಎಂದರು. ಅದೇ ಪೀಠದ ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ನಾಲ್ಕಕ್ಕೆ ಮೂರು ಮತಗಳಲ್ಲಿ ಗುತ್ತಿಗೆದಾರರು ಗೆದ್ದರು. ಬೇಕೆಂದೇ ಮೋಸ ಮಾಡಿದವನಿಗೆ ಈ ರಿಯಾಯಿತಿ ಇಲ್ಲ ಎಂದೂ ಕಾರ್ಡೋಜೊ ಬರೆದಿದ್ದಾರೆ. ನಮ್ಮಲ್ಲಿ ಈ ಕೊನೆಯ ಮಾತನ್ನು ಮರೆಯಬಾರದು. 12 ಎಂಎಂ ಕಬ್ಬಿಣ ಬರೆದ ಕಡೆ 10 ಎಂಎಂ ಕಟ್ಟಿ ಕಾಂಕ್ರೀಟು ಸುರಿದವನು ಕೊರತೆಯ ಲೆಕ್ಕ ಕೇಳಲು ಅರ್ಹನಲ್ಲ.

ಇದಕ್ಕೆ ಇನ್ನೊಂದು ಕೊನೆಯೂ ಇದೆ. ಇಂಗ್ಲೆಂಡಿನಲ್ಲಿ ಮಹಾದೇವ ಎಂಬುವರ ಮನೆಗೆ 560 ಪೌಂಡಿಗೆ ಮನೆ ಬೆಚ್ಚಗಿಡುವ ವ್ಯವಸ್ಥೆ ಮಾಡಿಕೊಡಲು ಬೋಲ್ಟನ್ ಎಂಬಾತ ಒಪ್ಪಿಕೊಂಡ. ಮಾಡಿದ್ದು ಸರಿಯಾಗಿ ಬೆಚ್ಚಗೂ ಆಗಲಿಲ್ಲ, ಕೋಣೆಗಳಲ್ಲಿ ಹೊಗೆಯೂ ತುಂಬಿತು. ರಿಪೇರಿಗೆ 174 ಪೌಂಡು ಬೇಕಿತ್ತು. 1972ರಲ್ಲಿ ನ್ಯಾಯಾಲಯ ಅವನಿಗೆ ಒಂದು ಪೌಂಡೂ ಕೊಡಿಸಲಿಲ್ಲ. ಯಾವ ಉದ್ದೇಶಕ್ಕೆ ಕೆಲಸ ಮಾಡಿಸಿದ್ದೋ ಆ ಉದ್ದೇಶವೇ ಈಡೇರದಿದ್ದರೆ ಅದು ಮಾಡಿದ ಕೆಲಸವಲ್ಲ ಎಂಬ ನಿಲುವು ಅದು. ಇವು ಹೊರದೇಶದ ತೀರ್ಪುಗಳು, ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ವಿಚಾರ ಮಾಡುವ ದಾರಿ ತೋರಿಸುತ್ತವೆ. ಸೋರುವ ನೀರಿನ ಟಾಕಿ ಕಟ್ಟಿ ‘ಟಾಕಿಯಂತೂ ನಿಂತೈತಲ್ಲ’ ಎಂದು ಕೂಲಿ ಕೇಳಲಾಗದು. ಹಾಗೆಯೇ ಎರಡು ಅಂತಸ್ತಿನ ಮನೆಯಲ್ಲಿ ಒಂದು ಬಚ್ಚಲದ ಇಳಿಜಾರು ತಪ್ಪಿದೆ ಎಂದು ಕೊನೆಯ ಕಂತು ನುಂಗಲೂ ಆಗದು.

ಕಾಗದವೇ ಇಲ್ಲದಿದ್ದರೆ? ಗೌಂಡಿಗಳು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. 1944ರಲ್ಲಿ ಬಂಗಾಳದಲ್ಲಿ ಬಿ.ಕೆ. ಮಂಡಲ್ ಎಂಬ ಗುತ್ತಿಗೆ ಸಂಸ್ಥೆ ಸರಕಾರದ ಅಧಿಕಾರಿಗಳು ಹೇಳಿದಂತೆ ಗೋದಾಮು ಮೊದಲಾದ ಕಟ್ಟಡ ಕಟ್ಟಿಕೊಟ್ಟಿತು. ನಿಯಮದ ಪ್ರಕಾರ ಕರಾರು ಆಗಿರಲಿಲ್ಲ. ಸರಕಾರ ಆ ನೆಪದ ಮೇಲೆ ಹಣ ಕೊಡದೆ ಹೋಯಿತು. 1961ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾರು ಕಾಯ್ದೆಯ 70ನೇ ಕಲಂ ಹಿಡಿದು ಹೇಳಿತು: ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬನು ಮಾಡಿದ ಕೆಲಸದ ಫಲವನ್ನು ಇನ್ನೊಬ್ಬನು ಒಪ್ಪಿಕೊಂಡು ಅನುಭವಿಸುತ್ತಿದ್ದರೆ ಅವನು ಅದಕ್ಕೆ ತಕ್ಕ ಬೆಲೆ ಕೊಡಲೇಬೇಕು. ಮನೆಯಲ್ಲಿ ದೀಪ ಹಚ್ಚಿ ವಾಸಕ್ಕಿದ್ದವನು ‘ಕಾಗದ ಎಲ್ಲೈತಿ’ ಎಂದು ಕೇಳಿ ಜಾರಿಕೊಳ್ಳುವಂತಿಲ್ಲ.

ಇನ್ನು ಯಾವ ಕೊರತೆ ಯಾರದು ಎಂಬ ಮಾತು. ಇಲ್ಲಿ ನಮ್ಮ ನೆಲ, ನಮ್ಮ ನೀರು, ನಮ್ಮ ಬಿಸಿಲು ಮೂರೂ ಸಾಕ್ಷಿಗೆ ಬರುತ್ತವೆ.

ನಮ್ಮದು ಎರಿ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕಾಲು ಸಿಗುವಷ್ಟು ಬಾಯಿ ಬಿಡುತ್ತದೆ. ಇಂಥ ಮಣ್ಣಿನ ಮೇಲೆಯೇ ಪಾಯಾ ಕೂಡಿಸಿದರೆ ವರ್ಷಕ್ಕೊಮ್ಮೆ ಮನೆ ಏರಿ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಅದರ ಗುರುತು. ಎರಿ ಮಣ್ಣು ದಾಟಿ ಗಟ್ಟಿ ಗರಸು ಸಿಗುವವರೆಗೆ ತೋಡಬೇಕು, ಇಲ್ಲವೆ ಮಣ್ಣು ತೆಗೆಸಿ ಮುರುಮು ತುಂಬಿಸಿ ಕುಟ್ಟಬೇಕು, ಪ್ಲಿಂತ್ ಬೀಮ್ ಹಾಕಬೇಕು. ಎರಿ ಬಹಳ ಆಳವಿದ್ದ ಕಡೆ ಎಂಜಿನಿಯರನ್ನು ಕೇಳದೆ ಮುಂದೆ ಹೋಗಬಾರದು. ಆದರೆ ಸೈಟಿನ ಮೇಲೆ ಆಗುವುದೇನು? ‘ನಾಕ ಫೂಟ ಸಾಕು ಬಿಡೋ, ಎಷ್ಟ ತೋಡ್ತಿ’ ಎಂದು ಜೆಸಿಬಿ ಬಾಡಿಗೆ ಉಳಿಸಲು ಹೇಳುವವನು ಎಷ್ಟೋ ಸಲ ಮಾಲೀಕನೇ. ಎರಡು ಮಳೆಗಾಲ ಕಳೆದು ಗೋಡೆ ಸೀಳಿದಾಗ ಗೌಂಡಿಯ ಕೆಲಸವೇ ಸರಿಯಿಲ್ಲ ಎನ್ನುವವನೂ ಅವನೇ. ಹಾಗೆಂದು ಗೌಂಡಿ ಪೂರ್ತಿ ಪಾರಾಗುವುದಿಲ್ಲ. ಇಪ್ಪತ್ತು ವರ್ಷ ಇದೇ ಮಣ್ಣಿನಲ್ಲಿ ಕೆಲಸ ಮಾಡಿದವನಿಗೆ ನಾಲ್ಕು ಅಡಿ ಸಾಲದು ಎಂಬುದು ಗೊತ್ತಿರುತ್ತದೆ. ಗೊತ್ತಿದ್ದೂ ಹೇಳದೆ ಕಟ್ಟಿದರೆ ಅವನಿಗೂ ಪಾಲಿದೆ. ಹೇಳಿದ್ದರೂ ಮಾಲೀಕ ಕೇಳದಿದ್ದರೆ ಆ ಮಾತನ್ನು ವಾಟ್ಸಾಪಿನಲ್ಲಿ ಒಂದು ಸಾಲು ಬರೆದು ಕಳಿಸಿ ಇಟ್ಟುಕೊಳ್ಳಲಿ.

ನೀರಿನ ಕಥೆಯೂ ಹೀಗೆಯೇ. ಡೋಣಿ ಹೊಳೆಯ ಆಸುಪಾಸಿನಲ್ಲಷ್ಟೇ ಅಲ್ಲ, ನಮ್ಮ ಅನೇಕ ಬೋರುಗಳಲ್ಲಿಯೂ ಬರುವುದು ಸವಳು ನೀರು. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನದಂಡ 456 ಹೇಳುತ್ತದೆ. ಮೀರಿದರೆ ಒಳಗಿನ ಕಬ್ಬಿಣ ಜಂಗು ಹಿಡಿದು ಉಬ್ಬಿ ಸ್ಲ್ಯಾಬಿನ ಕೆಳಮೈ ಹಪ್ಪಳೆ ಹಪ್ಪಳೆಯಾಗಿ ಉದುರುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಏಳುವುದಕ್ಕೂ ಇಂಥ ನೀರು ಒಂದು ಕಾರಣ. ನೀರು ಒದಗಿಸುವವನು ಮಾಲೀಕ. ಅವನದೇ ಬೋರಿನ ನೀರಿನಿಂದ ಬಂದ ಉಪ್ಪಿಗೆ ಗೌಂಡಿಯ ಕೂಲಿ ಹಿಡಿಯುವುದು ಅನ್ಯಾಯ.

ಬಿಸಿಲಿನ ಲೆಕ್ಕ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಇಂಥ ಒಣ ಹವೆಯಲ್ಲಿ ಪಿಪಿಸಿ ಸಿಮೆಂಟಿನ ಕಾಂಕ್ರೀಟಿಗೆ 14 ದಿನ ನೀರುಣಿಸಬೇಕೆಂಬುದು ಅದೇ ಮಾನದಂಡದ ಶಿಫಾರಸು. ಲೇಬರ್ ಗುತ್ತಿಗೆಯಲ್ಲಿ ‘ನೀರ ಹೊಡೆಯೋದು ಮನೀ ಮಂದಿ ಕೆಲಸ’ ಎಂಬ ರೂಢಿಯಿದೆ. ಐದು ದಿನ ಹೊಡೆದು ಆರನೆಯ ದಿನ ಜಾತ್ರೆಗೋ ಮದುವೆಗೋ ಹೋದರೆ ಗಿಲಾವಿನ ಮೇಲೆ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಬಿರುಕು ಬೀಳುತ್ತವೆ. ಅವು ನೋಡಲಿಕ್ಕೆ ಚೆನ್ನಾಗಿರುವುದಿಲ್ಲ ಎಂಬುದನ್ನು ಬಿಟ್ಟರೆ ಮನೆಗೆ ಅಪಾಯವಿಲ್ಲ. ಪುಟ್ಟಿ ತುಂಬಿ ಬಣ್ಣ ಹೊಡೆದರೆ ಮುಗಿಯಿತು.

ಮುಖ್ಯವಾಗಿ ಗೌಂಡಿಯ ಕೈಯಿಂದಲೇ ಆಗುವ ತಪ್ಪುಗಳು ಬೇರೆ ಇವೆ. ಬಚ್ಚಲದ ಇಳಿಜಾರು ತಪ್ಪುವುದು, ಫರ್ಸಿ ಅಥವಾ ಟೈಲ್ಸಿನ ಕೆಳಗೆ ಗಾರೆ ತುಂಬದೆ ಪೊಳ್ಳು ಉಳಿಯುವುದು, ಗೋಡೆ ಗುಂಡಿಗೆ ಬಾರದೆ ವಾಲುವುದು, ಕಾಲಮ್ಮಿನಲ್ಲಿ ಕಾಂಕ್ರೀಟು ಸರಿಯಾಗಿ ಕೂಡದೆ ಖಡಿ ಕಾಣುವುದು, ಸೆಂಟ್ರಿಂಗ್ ಬೇಗ ಬಿಚ್ಚಿ ಸ್ಲ್ಯಾಬು ಜೋತು ಬೀಳುವುದು. ಇವುಗಳಲ್ಲಿ ಕೊನೆಯ ಎರಡನ್ನು ರೊಕ್ಕ ಹಿಡಿದು ಬಗೆಹರಿಸಲೇಬಾರದು. ಐದು ಸಾವಿರ ಕಡಿಮೆ ಕೊಟ್ಟೆ ಎಂದು ಸಮಾಧಾನ ಮಾಡಿಕೊಂಡು ಖಡಿ ಕಾಣುವ ಕಾಲಮ್ಮಿಗೆ ಗಿಲಾವು ಬಳಿಸಿ ಮುಚ್ಚುವುದು ಮಕ್ಕಳ ತಲೆಯ ಮೇಲೆ ಅಪಾಯ ತೂಗಿಬಿಟ್ಟ ಹಾಗೆ. 2022ರ ಜುಲೈನಲ್ಲಿ ಜಿಲ್ಲೆಯಲ್ಲಿ ಭೂಮಿ ನಡುಗಿದ್ದನ್ನು ನಾವೆಲ್ಲ ಅನುಭವಿಸಿದ್ದೇವೆ. ಕಾಲಮ್ಮು, ಬೀಮು, ಸ್ಲ್ಯಾಬಿನ ದೋಷಕ್ಕೆ ಎಂಜಿನಿಯರಿಂದ ಪರೀಕ್ಷೆ ಮಾಡಿಸಿ, ಅವರು ಹೇಳಿದ ದುರಸ್ತಿಯನ್ನೇ ಮಾಡಿಸಬೇಕು. ಅದರ ಪೂರ್ತಿ ಖರ್ಚು ತಪ್ಪು ಮಾಡಿದವನದು, ಅದು ಬಾಕಿಗಿಂತ ಹೆಚ್ಚಾದರೂ ಸರಿ.

ಉಳಿದ ದೋಷಗಳನ್ನು ಮನೆಯವರೇ ಅಳೆಯಬಹುದು. ಬಚ್ಚಲದಲ್ಲಿ ಒಂದು ಬಕೆಟ್ ನೀರು ಸುರಿದು ಹತ್ತು ನಿಮಿಷ ಕಾಯಿರಿ. ನೀರು ಎಲ್ಲಿ ನಿಂತಿತೋ ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ಫೋಟೋ ತೆಗೆಯಿರಿ. ಟೈಲ್ಸಿನ ಮೇಲೆ ನಾಣ್ಯದಿಂದ ತಟ್ಟುತ್ತ ಹೋಗಿ, ಪೊಳ್ಳು ಸಪ್ಪಳ ಬಂದದ್ದಕ್ಕೆಲ್ಲ ಗುರುತು ಹಾಕಿ. ಗೋಡೆಯ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಹಾಕಿ ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಗೆರೆ ದಾಟದಿದ್ದರೆ ಅದು ಮೇಲ್ಮೈ ಬಿರುಕು. ದಾಟುತ್ತ ಹೋದರೆ ನೆಲ ಅಲುಗುತ್ತಿದೆ ಎಂದು ತಿಳಿಯಿರಿ. ಇದನ್ನೆಲ್ಲ ಗೌಂಡಿಯನ್ನು ಕರೆದು ಅವನ ಎದುರಿಗೇ ಮಾಡಬೇಕು. ಬೆನ್ನ ಹಿಂದೆ ಮಾಡಿದ ಪಟ್ಟಿಯನ್ನು ಯಾವ ಗೌಂಡಿಯೂ ಒಪ್ಪುವುದಿಲ್ಲ. ಕಣ್ಣೆದುರು ನಿಂತ ನೀರನ್ನು ಇಲ್ಲ ಎನ್ನುವವರೂ ಕಡಿಮೆ.

ಒಂದು ಲೆಕ್ಕ ಹಾಕಿ ನೋಡೋಣ. ಟಿಕೋಟಾದಲ್ಲಿ 1,200 ಚದರ ಅಡಿಯ ಮನೆ, ಕೂಲಿ ಚದರ ಅಡಿಗೆ 300 ರೂಪಾಯಿ ಎಂದು ಇಟ್ಟುಕೊಳ್ಳಿ. ಒಟ್ಟು 3,60,000. ಕಂತು ಕಂತಾಗಿ 3,00,000 ಕೊಟ್ಟಾಗಿದೆ, ಬಾಕಿ 60,000. ಬಚ್ಚಲದ ಟೈಲ್ಸು ಎಬ್ಬಿಸಿ ಇಳಿಜಾರು ಸರಿಮಾಡಿ ಮತ್ತೆ ಹಾಕಲು, ಒಡೆಯುವ ಟೈಲ್ಸಿನ ಬೆಲೆಯೂ ಸೇರಿ 9,000. ಹಾಲಿನ ಗೋಡೆಯ ಗಿಲಾವು ಕೊರೆದು ಜಾಳಿಗೆ ಹಾಕಿ ಮತ್ತೆ ಬಳಿಯಲು 4,000. ಓರೆಯಾಗಿ ಕೂಡಿಸಿದ ಚೌಕಟ್ಟು ಬಿಚ್ಚಿ ಕೂಡಿಸಲು 2,500. ಒಟ್ಟು 15,500. ಬೇರೊಬ್ಬ ಗೌಂಡಿಯ ಹತ್ತಿರ ಈ ದರ ಬರೆಸಿ ತಂದರೆ ಇನ್ನೂ ಒಳ್ಳೆಯದು. ಹಾಗಾದರೆ ಗೌಂಡಿಗೆ ಸಲ್ಲಬೇಕಾದದ್ದು 44,500. ಇಲ್ಲವೆ ಅವನೇ ಬಂದು ಸರಿಮಾಡಿ ಪೂರ್ತಿ 60,000 ತೆಗೆದುಕೊಂಡು ಹೋಗಲಿ. ನನ್ನ ಮಟ್ಟಿಗೆ ಎರಡನೆಯದೇ ಒಳ್ಳೆಯ ದಾರಿ. ತಾನು ಕಟ್ಟಿದ್ದನ್ನು ತಾನೇ ಸರಿಪಡಿಸುವ ಅವಕಾಶವನ್ನು ಮೊದಲು ಅವನಿಗೆ ಕೊಡಬೇಕು. 15,500ರ ಕೆಲಸಕ್ಕೆ 60,000 ಹಿಡಿದಿಟ್ಟುಕೊಂಡು ಕೂಡುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಕೊರತೆಗಿಂತ ಹೆಚ್ಚು ಜಗಳ ಹುಟ್ಟಿಸುವ ವಿಷಯ ಅಳತೆ. ಚದರ ಅಡಿ ಎಂದರೆ ಯಾವ ಚದರ ಅಡಿ? ಪೋರ್ಚು ಸೇರಿತೋ, ಜೀನೆಯ ಮೇಲಿನ ಕೋಣೆ ಸೇರಿತೋ, ಸಜ್ಜಾ ಅರ್ಧ ಹಿಡಿಯಬೇಕೋ ಪೂರ್ತಿಯೋ? ಕಂಪೌಂಡು, ನೀರಿನ ತೊಟ್ಟಿ, ದೇವರ ಜಗಲಿ ಗುತ್ತಿಗೆಯೊಳಗೋ ಹೊರಗೋ? ಮಾತಾಡುವಾಗ ಯಾರೂ ಕೇಳುವುದಿಲ್ಲ. ‘ಅದೇನ ಬಿಡ್ರಿ, ಕಡೀಕ ನೋಡೋಣು’ ಎಂದುಬಿಡುತ್ತಾರೆ. ಕಡೆಗೆ ನೋಡುವ ಹೊತ್ತಿಗೆ ಗೌಂಡಿಯ ಲೆಕ್ಕ 1,450 ಚದರ ಅಡಿ, ಮಾಲೀಕನ ಲೆಕ್ಕ 1,200. ಆಗ ಮಾಲೀಕನಿಗೆ ಗೋಡೆಯ ಬಿರುಕು ನೆನಪಾಗುತ್ತದೆ. ಎಷ್ಟೋ ಸಲ ಬಿರುಕಿನ ಹೆಸರಲ್ಲಿ ನಡೆಯುವ ಜಗಳದ ಬೇರು ಅಳತೆಯಲ್ಲಿರುತ್ತದೆ.

ಇಬ್ರಾಹಿಂ ರೋಜಾ ನೋಡಲು ಹೋದವರು ಅಲ್ಲಿನ ಕೆತ್ತನೆ ನೋಡಿ ಬರುತ್ತಾರೆ. ಆ ಕಟ್ಟಡದ ಪರ್ಷಿಯನ್ ಶಾಸನದಲ್ಲಿ ಅದನ್ನು ಕಟ್ಟಿದ ಮಲಿಕ್ ಸಂದಲ್‌ನ ಹೆಸರಿದೆ, ತಗುಲಿದ ಖರ್ಚಿನ ಲೆಕ್ಕವೂ ಇದೆ: ಒಂದೂವರೆ ಲಕ್ಷ ಹೊನ್ನು, ಅದರ ಮೇಲೆ 900. ನಾನೂರು ವರ್ಷದ ಹಿಂದೆ ಕಲ್ಲಿನಲ್ಲಿ ಲೆಕ್ಕ ಬರೆದಿಟ್ಟ ಊರು ನಮ್ಮದು. ಇಂದು ಮೂವತ್ತು ಲಕ್ಷದ ಮನೆಗೆ ಒಂದು ಹಾಳೆಯನ್ನೂ ಬರೆಯುವುದಿಲ್ಲ.

ಬರೆಯಬೇಕಾದದ್ದು ಬಹಳವೇನಿಲ್ಲ. ಅಳತೆ ಹೇಗೆ, ದರ ಎಷ್ಟು, ಗುತ್ತಿಗೆಯೊಳಗೆ ಏನೇನು ಬರುತ್ತದೆ, ಹೆಚ್ಚುವರಿ ಕೆಲಸಕ್ಕೆ ದರ ಯಾವುದು, ನೀರು ಹೊಡೆಯುವವರು ಯಾರು, ಯಾವ ಹಂತಕ್ಕೆ ಎಷ್ಟು ಕಂತು. ಬಸವ ವಸತಿಯಂಥ ಸರಕಾರಿ ಯೋಜನೆಯಲ್ಲಿ ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಮುಗಿದ ಫೋಟೋ ಬಂದ ಮೇಲೆಯೇ ಹಣ ಬಿಡುಗಡೆಯಾಗುತ್ತದೆ. ಸ್ವಂತ ಮನೆಗೂ ಅದೇ ಕ್ರಮ ಇಟ್ಟುಕೊಳ್ಳಬಹುದು. ಪ್ರತಿ ಹಂತದಲ್ಲಿ ಇಬ್ಬರೂ ನೋಡಿ ಸಹಿ ಮಾಡಿದರೆ ಕೊನೆಯ ಕಂತಿನ ಮೇಲೆ ಇಡೀ ಮನೆಯ ಜಗಳ ಬಂದು ಬೀಳುವುದಿಲ್ಲ. ಲೋಕೋಪಯೋಗಿ ಇಲಾಖೆಯ ಕಾಮಗಾರಿಗಳಲ್ಲಿ ಬಿಲ್ಲಿನ ಒಂದು ಪಾಲನ್ನು ಠೇವಣಿಯಾಗಿ ಹಿಡಿದು, ದೋಷದ ಹೊಣೆಯ ಅವಧಿ ಮುಗಿದ ಮೇಲೆ ಮರಳಿಸುತ್ತಾರೆ. ಹಾಗೆಯೇ ನೂರಕ್ಕೆ ಐದು ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿಯುತ್ತೇನೆಂದು ಮೊದಲೇ ಹೇಳಿ ಬರೆದುಕೊಂಡರೆ ಅದು ನ್ಯಾಯ. ಕೆಲಸ ಮುಗಿದ ಮೇಲೆ ಏಕಾಏಕಿ ಹಿಡಿದರೆ ಅದು ದೌರ್ಜನ್ಯ.

‘ರೇರಾದಾಗ ಐದು ವರ್ಷ ಗ್ಯಾರಂಟಿ ಐತೆಲ್ಲ’ ಎಂದು ಕೇಳುವವರಿದ್ದಾರೆ. ಆ ಕಾಯ್ದೆಯ ಐದು ವರ್ಷದ ಹೊಣೆ ಇರುವುದು ಫ್ಲ್ಯಾಟು, ಮನೆ ಕಟ್ಟಿ ಮಾರುವ ಬಿಲ್ಡರುಗಳಿಗೆ. ನಿಮ್ಮ ಪ್ಲಾಟಿನಲ್ಲಿ ನೀವೇ ಗೌಂಡಿ ಹಿಡಿದು ಕಟ್ಟಿಸಿದರೆ ಅದು ಅನ್ವಯಿಸುವುದಿಲ್ಲ. ನಿಮಗಿರುವ ದಾರಿ ಗ್ರಾಹಕ ಸಂರಕ್ಷಣಾ ಕಾಯ್ದೆ 2019. ಮನೆ ನಿರ್ಮಾಣವೂ ‘ಸೇವೆ’ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಹಳೆಯ ಕಾಯ್ದೆಗೆ 1993ರಲ್ಲಿ ಈ ಮಾತು ಸೇರಿತ್ತು. ಅದೇ ವರ್ಷ ನವೆಂಬರಿನಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಕೊಟ್ಟ ಮೊತ್ತ 50 ಲಕ್ಷದೊಳಗಿದ್ದರೆ ವಿಜಯಪುರದಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಟಿಕೋಟಾ, ಬಬಲೇಶ್ವರದವರಿಗೂ ಅದೇ ಆಯೋಗ. 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. ದೂರು ಕೊಡಲು ಇರುವ ಅವಧಿ ಎರಡು ವರ್ಷ. ವಕೀಲರಿಲ್ಲದೆಯೂ ನೀವೇ ವಾದಿಸಬಹುದು. ಆದರೆ ಎಂಜಿನಿಯರ ವರದಿ, ಫೋಟೋ, ಹಣ ಕೊಟ್ಟ ದಾಖಲೆ ಇಲ್ಲದೆ ಹೋದರೆ ಬರಿಗೈಯಲ್ಲಿ ಬರುತ್ತೀರಿ. ದಿನಗೂಲಿ ಲೆಕ್ಕದಲ್ಲಿ ಆಳು ಹಚ್ಚಿ ನೀವೇ ಮುಂದೆ ನಿಂತು ಕಟ್ಟಿಸಿದ್ದರೆ, ಅದು ಸೇವೆ ಎಂದು ಸಾಧಿಸುವುದು ಕಷ್ಟ.

ಗೌಂಡಿಗೆ ಈ ಆಯೋಗದ ಬಾಗಿಲಿಲ್ಲ, ಅವನು ಗ್ರಾಹಕನಲ್ಲ. ಅವನ ದಾರಿ ಸಿವಿಲ್ ಕೋರ್ಟು. ಹಣ ಕೊಡುವ ದಿನ ಗೊತ್ತುಮಾಡಿರದಿದ್ದರೆ ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ‘ಮುಂದಿನ ಸುಗ್ಗಿಗೆ ಕೊಡ್ತೀನಿ’ ಎಂಬ ಬಾಯಿಮಾತಿನಿಂದ ಆ ಅವಧಿ ಬೆಳೆಯುವುದಿಲ್ಲ. ಅವಧಿಯೊಳಗೆ ಸಹಿ ಮಾಡಿ ಬರೆದುಕೊಟ್ಟರೆ ಬೆಳೆಯುತ್ತದೆ. ಪೊಲೀಸ್ ಠಾಣೆಗೆ ಹೋಗಿ ಕೂಡುವುದರಿಂದ ಇಬ್ಬರಿಗೂ ಲಾಭವಿಲ್ಲ, ಇದು ಸಿವಿಲ್ ವ್ಯಾಜ್ಯ. ಅದಕ್ಕಿಂತ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿನಲ್ಲಿ ಇಬ್ಬರನ್ನೂ ಕೂಡಿಸಿ ಮಾತಾಡಿಸುತ್ತಾರೆ. ಶುಲ್ಕವಿಲ್ಲ. ಅಲ್ಲಿ ಒಪ್ಪಿ ಸಹಿ ಹಾಕಿದ್ದು ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಐವತ್ತು ಅರವತ್ತು ಸಾವಿರದ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನೂ ಕೊಡುತ್ತಾರೆ. ತಾಂಡಾಗಳಿಂದ ಬಂದು ಗಾರೆ ಹೊರುವ ಬಹಳಷ್ಟು ಮಂದಿಗೆ ಈ ಹಕ್ಕಿದೆ, ಅವರಿಗೆ ಹೇಳುವವರಿಲ್ಲ.

ಈ ಜಗಳದಲ್ಲಿ ಮಾಲೀಕನೂ ಗೌಂಡಿಯೂ ಹೇಗೋ ಬದುಕಿಕೊಳ್ಳುತ್ತಾರೆ. ನಡುವೆ ಸಿಕ್ಕವರು ಇಟ್ಟಂಗಿ ಹೊತ್ತವರು, ಉಸುಕು ಸೋಸಿದವರು. ಬಚ್ಚಲದ ಇಳಿಜಾರು ತಪ್ಪಿದ್ದು ಅವರಿಂದಲ್ಲ, ಚದರ ಅಡಿಯ ಲೆಕ್ಕವೂ ಅವರದಲ್ಲ. ಆದರೂ ‘ಸಾವ್ಕಾರ ರೊಕ್ಕ ಕೊಟ್ಟಿಲ್ಲ’ ಎಂದು ಗೌಂಡಿ ತಡೆಹಿಡಿಯುವುದು ಅವರ ವಾರದ ಬಟವಡೆಯನ್ನೇ. ನಿಮ್ಮ ಮನೆಯಲ್ಲಿ ಇಂಥ ಬಾಕಿ ಉಳಿದಿದ್ದರೆ ಈ ವಾರವೇ ಗೌಂಡಿಯನ್ನು ಕರೆಯಿರಿ, ಜೊತೆಗೂಡಿ ಮನೆ ಸುತ್ತಿ ಕೊರತೆಗಳ ಪಟ್ಟಿ ಮಾಡಿ, ಸರಿಪಡಿಸುವ ಖರ್ಚಿನಷ್ಟನ್ನು ಮಾತ್ರ ಹಿಡಿದು ಉಳಿದದ್ದನ್ನು ಕೊಟ್ಟುಬಿಡಿ. ಕೊಡುವಾಗ ಆಳುಗಳ ಪಗಾರವನ್ನು ಅವರ ಕೈಗೇ ಮುಟ್ಟಿಸಿ ಸಹಿ ಹಾಕಿಸಿಕೊಳ್ಳಿ.